ವಾರಿಜಕ್ಕ ಮಡಚಿದ ಕಾರ್ಡು

ಅಲ್ಲ, ಹಾಗಂತ ವಾರಿಜಕ್ಕ ಸುಳ್ಳು ಬರೆದದ್ದು ಅಂತ ಯಾರಾದ್ರೂ ಹೇಳಿದ್ರೆ ಅದು ಶುದ್ಧ ಅನ್ಯಾಯ ಮಾರಾಯ್ರೆ. ಒಂದೇ ಒಂದು ಫಾರ್ಮ್ ಸಹ ಅವ್ರು ಮನೇಲಿ ಕೂತು ತುಂಬಿಸ್ಲಿಲ್ಲ. ನಲವತ್ತಾರು ಹೆಂಗಸರು. ಅಷ್ಟೂ ಜನರ ಎದುರು ಕುಕ್ಕರುಗಾಲಲ್ಲಿ ಕೂತು, ಮೀನಿನ ನೀರು ಸೀರೆಗೆ ಹಾರಿಸ್ಕೊಂಡು, ಕೇಳಿ ಕೇಳಿ ಬರೆದದ್ದು. ತಪ್ಪಾದದ್ದು ಬೇರೆ ಕಡೆ. ಆ ತಪ್ಪು ಮಾಡ್ಲಿಕ್ಕೆ ಮೀನು ಮಾರುವವರ ಮನೆಯಲ್ಲೇ ಹುಟ್ಟಿರ್ಬೇಕು, ಬೇರೆಯವರಿಗೆ ಮಾಡ್ಲಿಕ್ಕೇ ಬರುದಿಲ್ಲ.

ಪಣಂಬೂರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದ್ರೆ ಶೀಟ್ ಹಾಕಿದ ಒಂದು ಚಿಕ್ಕ ಮೀನು ಮಾರ್ಕೆಟ್ ಉಂಟು. ವಾರಿಜಾಕ್ಷಿ ಅಂತ ಪೂರ್ತಿ ಹೆಸರು ಹೇಳಿ ಕೇಳಿದ್ರೆ ಅಲ್ಲಿ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ಮುದ್ದಕ್ಕನ ಮಗಳು ಅಂತ ಹೇಳ್ಬೇಕು. ಮುದ್ದಕ್ಕ ಅಂದ್ರೆ ಮೂವತ್ತು ವರ್ಷ ತಲೆ ಮೇಲೆ ಬುಟ್ಟಿ ಹೊತ್ತು ಬಿಜೈಯ ಮನೆ ಮನೆಗೆ ಬಂಗುಡೆ ಬೂತಾಯಿ ಮೀನು ಕೊಟ್ಟವ್ರು. ಮೊಣಕಾಲು ಹೋದ ಮೇಲೆ ಈ ಮಾರ್ಕೆಟಲ್ಲಿ ಕೂತು ಮಾರಿದ್ರು. ಬೆಳಿಗ್ಗೆ ಮನೆ ಬಿಟ್ರೆ ವಾಪಸ್ ಬರುವ ತನಕ ಒಂದು ಹನಿ ನೀರು ಕುಡೀತಿರ್ಲಿಲ್ಲ, ಕುಡಿದ್ರೆ ಹೋಗ್ಲಿಕ್ಕೆ ಎಲ್ಲಿ ಜಾಗ ಉಂಟು? ಕೊನೆಗೆ ಕಿಡ್ನಿ ಎರಡೂ ಹೋಯ್ತು. ಡಾಕ್ಟ್ರು "ಇಷ್ಟು ದಿನ ನೋವು ಇರ್ಲಿಲ್ವಾ ಅಮ್ಮ" ಅಂತ ಕೇಳಿದ್ದಕ್ಕೆ, "ಇತ್ತು, ಹೇಳ್ಲಿಕ್ಕೆ ಪುರುಸೊತ್ತಿರ್ಲಿಲ್ಲ" ಅಂದ್ರಂತೆ. ಆ ಮಾತು ವಾರಿಜಕ್ಕ ಈಗ ಹೇಳುವಾಗ ಸಹ ಮುಖ ಆಚೆ ತಿರುಗಿಸ್ತಾರೆ.

ವಾರಿಜಕ್ಕ ಬಿ.ಎ. ಮಾಡಿದವ್ರು. ಗಂಡ ಲತೇಶ್ ಪೋರ್ಟಲ್ಲಿ ಕಂಟ್ರಾಕ್ಟ್ ಕೆಲಸ. ಫ್ಯಾನ್ಸಿ ಅಂಗಡಿ, ಕ್ಲಿನಿಕ್ಕಿನ ಚೀಟಿ ಕೌಂಟರು, ಅದು ಇದು ಅಂತ ಕೆಲಸ ಮಾಡಿ ಮಾಡಿ, ಮೂವತ್ತೊಂಬತ್ತನೇ ವರ್ಷದಲ್ಲಿ ಅವರಿಗೆ ಒಂದು ಮನಸ್ಸಿಗೆ ಹಿಡಿಸಿದ ಕೆಲಸ ಸಿಕ್ಕಿತು. ಬಿಜೈಯಲ್ಲಿ ಒಂದು ಮಹಡಿ ಮೇಲೆ ಸಣ್ಣ ಆಫೀಸು. ಅಲ್ಲಿ ಪ್ರಣೀತಾ ಮೇಡಂ ಅಂತ, ಸೈಕಾಲಜಿಯಲ್ಲಿ ಡಾಕ್ಟ್ರೇಟ್ ಮಾಡಿದವ್ರು, ಒಂದು ರಿಸರ್ಚ್ ಮಾಡ್ತಾ ಇದ್ರು. ವಿಷಯ ಎಂತ ಅಂದ್ರೆ, ಕೆಲಸದ ಜಾಗದಲ್ಲಿ ಎಲ್ಲರನ್ನೂ ಒಂದೇ ರೀತಿ ನೋಡ್ತಾರಾ, ನೋಡದಿದ್ರೆ ಅದು ಮನಸ್ಸಿಗೂ ಮೈಗೂ ಎಂತ ಮಾಡ್ತದೆ ಅಂತ. ಊರಲ್ಲಿ ನಾಲ್ಕು ಕಡೆ ಕೇಳುದು: ಬಸ್‌ಸ್ಟ್ಯಾಂಡಲ್ಲಿ ಗುಡಿಸುವವ್ರು, ಆಸ್ಪತ್ರೆಯ ಆಯಾಗಳು, ಪೋರ್ಟ್ ಹತ್ರ ಮೂಟೆ ಹೊಲಿಯುವ ಹೆಂಗಸ್ರು, ಮತ್ತೆ ಈ ಮೀನು ಮಾರ್ಕೆಟ್. ಬರೀ ಕೇಳಿ ಹೋಗುದಲ್ಲ. ಯಾವ ಎರಡು ಕಡೆ ಪರಿಸ್ಥಿತಿ ತೀರಾ ಕೆಟ್ಟದಾಗಿದೆಯೋ ಅಲ್ಲಿಗೆ ಒಂದು ಟಾಯ್ಲೆಟ್ ರೂಮು, ವಾರಕ್ಕೊಮ್ಮೆ ಬರುವ ಲೇಡಿ ಡಾಕ್ಟ್ರು, ಮಾತಾಡ್ಲಿಕ್ಕೆ ಒಬ್ಬರು ಕೌನ್ಸಿಲರ್, ಇಷ್ಟು ಕೊಡುವ ಅಂತ ದುಡ್ಡು ಹಾಕಿದ ಸಂಸ್ಥೆಯವರು ಬರೆದು ಕೊಟ್ಟಿದ್ರು.

ಅದನ್ನು ಕೇಳಿದ ದಿನವೇ ವಾರಿಜಕ್ಕ ಮನಸ್ಸಲ್ಲಿ ಟಾಯ್ಲೆಟಿಗೆ ಜಾಗ ನೋಡಿ ಆಗಿತ್ತು. ಮಾರ್ಕೆಟಿನ ಹಿಂದೆ, ಐಸ್ ಬಾಕ್ಸ್ ಇಡುವಲ್ಲಿ, ತೆಂಗಿನ ಮರದ ಆಚೆ.

ಈಗ ಇರುದು ಒಂದೇ ಟಾಯ್ಲೆಟ್. ಅದರ ಬೀಗದ ಕೈ ಮಾರ್ಕೆಟ್ ಕಂಟ್ರಾಕ್ಟರ್ ಇಟ್ಟ ಒಬ್ಬ ಆಳಿನ ಕಿಸೆಯಲ್ಲಿ. ಆ ಜನ ಹತ್ತು ಗಂಟೆಗೆ ಬೈಕ್ ಹತ್ತಿ ಹೋದ್ರೆ ಮತ್ತೆ ಮರುದಿನವೇ.

ಕೇಳ್ಲಿಕ್ಕೆ ವಾರಿಜಕ್ಕನಿಗೆ ಒಂದು ಕಾರ್ಡು ಕೊಟ್ಟಿದ್ರು. ಉದ್ದದ ಕಾರ್ಡು, ಅದ್ರಲ್ಲಿ ಐದು ಮುಖ. ಎಡಗಡೆ ಕೊನೆಯಲ್ಲಿ ಬಿಕ್ಕಿ ಬಿಕ್ಕಿ ಅಳುವ ಮುಖ, ಅದರ ಪಕ್ಕ ಬೇಜಾರಿನ ಮುಖ, ನಡುವಲ್ಲಿ ಅಳುವೂ ನಗುವೂ ಇಲ್ಲದ ಮುಖ, ಮತ್ತೆ ನಗುವ ಎರಡು. ಪ್ರಶ್ನೆ ಕೇಳುದು, ಅವ್ರು ಬೆರಳಿಟ್ಟು ತೋರಿಸುದು. ಓದ್ಲಿಕ್ಕೆ ಬರದವರಿಗೂ ಸುಲಭ. ಯಾವ ಹೊತ್ತಿಗೆ ಎಲ್ಲಿಗೆ ಹೋಗ್ಬೇಕು ಅಂತ ಆಫೀಸಲ್ಲೇ ಚಾರ್ಟ್ ಮಾಡಿ ಗೋಡೆಗೆ ಹಚ್ಚಿದ್ರು, ಮೀನು ಮಾರ್ಕೆಟಿಗೆ ಬೆಳಿಗ್ಗೆ ಏಳರಿಂದ ಎಂಟೂವರೆ. ಆಮೇಲೆ ಗಿರಾಕಿ ಬರ್ತಾರೆ, ಹೆಂಗಸರಿಗೆ ಪುರುಸೊತ್ತಾಗುದಿಲ್ಲ ಅಂತ. ಯಾವಾಗ ಹೋದ್ರೆ ಒಳ್ಳೇದು ಅಂತ ವಾರಿಜಕ್ಕನತ್ರ ಯಾರೂ ಕೇಳ್ಲಿಲ್ಲ. ಫೀಲ್ಡ್ ಸ್ಟಾಫ್ ಹತ್ರ ಅದೆಲ್ಲ ಕೇಳುವ ಕ್ರಮ ಇಲ್ವಲ್ಲ. ಅವರೂ ಹೇಳ್ಲಿಲ್ಲ.

ಮೊದಲನೇ ದಿನ ಹೋದದ್ದು ಜಯಕ್ಕನ ಹತ್ರ. ಜಯಕ್ಕ ಐವತ್ತೈದು ದಾಟಿದವ್ರು, ಮುದ್ದಕ್ಕನ ಪಕ್ಕದಲ್ಲೇ ಕೂತು ಮಾರಿದವ್ರು. ವಾರಿಜಕ್ಕನನ್ನು ಲಂಗ ಹಾಕುವ ಕಾಲದಿಂದ ನೋಡಿದವ್ರು. ಮಾತೆಲ್ಲ ತುಳುವಲ್ಲೇ.

"ಎಂತ ಮಗಾ, ಸೈಕಾಲಜಿ ಡಾಕ್ಟ್ರು ಕಳಿಸಿದ್ದಾ? ಯಾಕೆ, ನಮ್ಗೆಲ್ಲ ಮರ್ಲ್ ಅಂತ ಯಾರು ಹೇಳಿದ್ದು?" ಅಂತ ಜಯಕ್ಕ ಶುರು ಮಾಡಿದ್ರು. ಮರ್ಲ್ ಅಂದ್ರೆ ಹುಚ್ಚು.

"ಮರ್ಲ್ ಇದ್ದವರನ್ನು ಕೇಳುದಲ್ಲ ಜಯಕ್ಕ. ಬುದ್ಧಿ ಇದ್ದವರನ್ನೇ ಕೇಳುದು."

"ಹಾಗಾದ್ರೆ ಈ ಸಾಲಿನಲ್ಲಿ ನನ್ನೊಬ್ಳನ್ನು ಕೇಳಿ ಹೋಗು, ಬೇಗ ಮುಗೀತದೆ."

ಆಚೆ ಈಚೆ ಕೂತವ್ರೆಲ್ಲ ನಕ್ಕು, ಒಬ್ಬಳು ಒದ್ದೆ ಕೈಯಲ್ಲೇ ಜಯಕ್ಕನ ಬೆನ್ನಿಗೆ ಒಂದು ಕೊಟ್ಳು. ವಾರಿಜಕ್ಕ ಕಾರ್ಡು ತೆಗೆದ್ರು. ಜಯಕ್ಕನ ಮುಖ ಹಾಗೇ ಬದಲಾಯ್ತು.

"ಇದೆಂತ ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ ಅಳುವ ಮುಖ ಎದುರಿಗೆ ಹಿಡೀತಿ? ಬೋಣಿ ಆಗ್ಲಿಲ್ಲ ಇನ್ನೂ. ಮುಚ್ಚು ಅದನ್ನು!"

ಬೋಣಿ ಅಂದ್ರೆ ದಿನದ ಮೊದಲನೇ ವ್ಯಾಪಾರ. ಅದು ಆಗುವ ತನಕ ಈ ಮಾರ್ಕೆಟಲ್ಲಿ ಯಾರೂ ಕೆಟ್ಟ ಮಾತು ಆಡುದಿಲ್ಲ. ತಲೆನೋವು ಅಂತ ಹೇಳುದಿಲ್ಲ, ನಿಟ್ಟುಸಿರು ಬಿಡುದಿಲ್ಲ. ಐಸ್ ಖಾಲಿ ಅಂತ ಸಹ ಬಾಯಲ್ಲಿ ಬರುದಿಲ್ಲ, "ಐಸ್ ತುಂಬಿಸ್ಬೇಕು" ಅಂತ ಹೇಳುದು. ಮನೇಲಿ ಮಗುವಿಗೆ ಜ್ವರ ಇದ್ರೂ ಮೊದಲನೇ ಗಿರಾಕಿ ಹೋದ ಮೇಲೆಯೇ ಪಕ್ಕದವಳಿಗೆ ಹೇಳುದು. ವಾರಿಜಕ್ಕ ಇದನ್ನು ಯಾರತ್ರವೂ ಕಲಿತದ್ದಲ್ಲ. ಚಿಕ್ಕವಳಿರುವಾಗ ಅಮ್ಮನ ಬುಟ್ಟಿ ಹಿಂದೆ ಓಡ್ತಾ ಓಡ್ತಾ ಮೈಗೆ ಹತ್ತಿದ್ದು. ಹಾಗಾಗಿ ಅವ್ರು ಒಂದು ಸೆಕೆಂಡ್ ಸಹ ಯೋಚನೆ ಮಾಡ್ಲಿಲ್ಲ. ಕಾರ್ಡನ್ನು ಎಡಗಡೆಯಿಂದ ಮಡಚಿ ಹಿಂದೆ ಮಾಡಿದ್ರು. ಅಳುವ ಮುಖ, ಬೇಜಾರಿನ ಮುಖ ಎರಡೂ ಹಿಂದೆ ಹೋಯ್ತು. ಉಳಿದದ್ದು ಮೂರು.

"ಹಾಂ, ಈಗ ಕೇಳು," ಅಂದ್ರು ಜಯಕ್ಕ.

"ಕೆಲಸದ ಜಾಗದಲ್ಲಿ ಬೇರೆಯವರಿಗೆ ಸಿಗುವ ಮರ್ಯಾದೆ ನಿಮ್ಗೂ ಸಿಗ್ತದಾ?"

"ಸಿಗ್ತದೆ ಸಿಗ್ತದೆ."

"ಮೈಯಲ್ಲಿ ಎಂತಾದ್ರೂ ತೊಂದ್ರೆ?"

"ಎಂತದೂ ಇಲ್ಲಪ್ಪ. ಕಲ್ಲಿನ ಹಾಗಿದ್ದೇನೆ."

ಬೆರಳು ದೊಡ್ಡ ನಗುವಿನ ಮುಖದ ಮೇಲೆ. ಅಲ್ಲಿಂದ ಮುಂದೆ ಮಡಚಿದ ಕಾರ್ಡು ಮಡಚಿಯೇ ಇತ್ತು. ಹನ್ನೆರಡು ದಿನ. ವಾರಿಜಕ್ಕನಿಗೆ ಖುಷಿಯೋ ಖುಷಿ, ಬೇರೆ ಫೀಲ್ಡ್ ಸ್ಟಾಫಿಗೆ ಜನ ಮುಖ ಕೊಡುದಿಲ್ಲ, ಇವರಿಗೆ ಚಾ ಕುಡಿಸಿ ಉತ್ತರ ಕೊಡ್ತಾರೆ.

ಒಂದೇ ಒಂದು ಫಾರ್ಮ್ ಬೇರೆ ಥರ ಬಂತು. ರಮ್ಲಾ ಅಂತ, ವಾರಿಜಕ್ಕನದ್ದೇ ಪ್ರಾಯದವ್ರು, ಬ್ಯಾರಿ ಮುಸ್ಲಿಂ ಹೆಂಗಸು. ಮಾರ್ಕೆಟಿನ ಮೂಲೆಯಲ್ಲಿ ಕೂತು ಗಿರಾಕಿಗಳು ತಂದ ಮೀನು ಕತ್ತರಿಸಿ ಕ್ಲೀನ್ ಮಾಡಿ ಕೊಡುದು ಅವ್ರ ಕೆಲಸ. ಮಾರುವವ್ರಲ್ಲ, ಹಾಗಾಗಿ ಅವರಿಗೆ ಬೋಣಿಯ ಹಂಗಿಲ್ಲ.

"ಕಾರ್ಡಿನ ಹಿಂದೆ ಎಂತ ಅಡಗಿಸಿಟ್ಟಿದ್ದಿ, ತೋರಿಸು," ಅಂತ ರಮ್ಲಾ ಕತ್ತಿ ಕೆಳಗಿಟ್ಟು ತಾನೇ ಬಿಡಿಸಿದ್ರು. ಅಳುವ ಮುಖಕ್ಕೆ ಬೆರಳಿಟ್ರು. "ಇದು ನಾನು. ಬರಿ. ಅಂಗೈ ನೋಡು, ಮೀನಿನ ಮುಳ್ಳು ಚುಚ್ಚಿ ಚುಚ್ಚಿ ಹುಣ್ಣು ಮಾಗುದೇ ಇಲ್ಲ. ನೆಲ ಒದ್ದೆ, ಬೆನ್ನು ಹೋಯ್ತು. ಟಾಯ್ಲೆಟ್ ಬೀಗದ ಕೈ ಕೇಳ್ಲಿಕ್ಕೆ ಹೋದ್ರೆ ಆ ಕಂಟ್ರಾಕ್ಟರನ ಜನ ನಿಮ್ಮವರಿಗಾದ್ರೂ ಬೈದು ಕೊಡ್ತದೆ, ನನ್ಗೆ ಕೇಳಿಸ್ಲೇ ಇಲ್ಲ ಅನ್ನುವ ಹಾಗೆ ಮಾಡ್ತದೆ. ಬರಿ, ಎಲ್ಲ ಬರಿ."

ವಾರಿಜಕ್ಕ ಬರೆದ್ರು. ಪಾಪ ರಮ್ಲಾಗೆ ಮನೇಲಿ ಎಂತದೋ ಟೆನ್ಶನ್ ಇರ್ಬೇಕು ಅಂತ ಮನಸ್ಸಲ್ಲೇ ಅಂದ್ಕೊಂಡ್ರು.

ಎರಡು ತಿಂಗಳು ಬಿಟ್ಟು ರಿಸಲ್ಟ್ ಬಂತು. ಬಿಜೈಯ ಆಫೀಸಲ್ಲಿ ಎಲ್ಲರನ್ನೂ ಕೂರಿಸಿ, ಕಂಪ್ಯೂಟರ್ ನೋಡುವ ಕಮಲೇಶ್ ಗೋಡೆ ಮೇಲೆ ಬಣ್ಣ ಬಣ್ಣದ ಕಂಬಗಳನ್ನು ತೋರಿಸಿದ. ಮೂರು ಕಂಬ ಗಿಡ್ಡ. ನಾಲ್ಕನೇದ್ದು ಎತ್ತರ ಅಂದ್ರೆ ಎತ್ತರ. ಕಂಬ ಎತ್ತರ ಇದ್ದಷ್ಟು ಅಲ್ಲಿಯವ್ರು ನೆಮ್ಮದಿಯಾಗಿದ್ದಾರೆ ಅಂತ ಲೆಕ್ಕ.

"ಇದು ಮೀನು ಮಾರ್ಕೆಟ್," ಅಂದ ಕಮಲೇಶ್. "ಒಂದು ಫಾರ್ಮ್ ಮಾತ್ರ ಯಾವುದಕ್ಕೂ ಹೊಂದ್ತಾ ಇರ್ಲಿಲ್ಲ, ಅದನ್ನು ತೆಗ್ದಿದ್ದೇನೆ."

ಪ್ರಣೀತಾ ಮೇಡಂ ಮುಖ ಅರಳಿತ್ತು. "ವಾರಿಜಾಕ್ಷಿ, ನೋಡಿ ನಿಮ್ಮ ಜನರನ್ನು! ಇಷ್ಟು ಕಷ್ಟದ ಕೆಲಸ, ಆದ್ರೂ ಎಂತ ಗಟ್ಟಿ ಮನಸ್ಸು. ಒಬ್ಬರಿಗೊಬ್ಬರು ಆಗ್ತಾರೆ, ಅದಕ್ಕೇ ಹೀಗೆ. ಇದರ ಮೇಲೆಯೇ ಒಂದು ಪೇಪರ್ ಬರೀಬಹುದು."

ವಾರಿಜಕ್ಕನಿಗೆ ಒಮ್ಮೆ ಎದೆ ಉಬ್ಬಿತು. ನಿಜ ಹೇಳ್ಬೇಕಲ್ಲ. ನಮ್ಮ ಅಮ್ಮನ ಮಾರ್ಕೆಟ್ ಅಂತ. ಆಮೇಲೆ ಮೇಡಂ ಮುಂದಿನ ಕಾಗದ ಓದಿದ್ರು. ಟಾಯ್ಲೆಟ್, ಡಾಕ್ಟ್ರು, ಕೌನ್ಸಿಲರ್ ಎರಡು ಕಡೆಗೆ. ಬಸ್‌ಸ್ಟ್ಯಾಂಡಿನವರಿಗೆ, ಮೂಟೆ ಹೊಲಿಯುವವರಿಗೆ. ಅಲ್ಲಿಯವರೂ ಪಾಪವೇ, ಅವರಿಗೆ ಸಿಕ್ಕಿದ್ದು ತಪ್ಪು ಅಂತ ಯಾರೂ ಹೇಳ್ಲಿಕ್ಕಿಲ್ಲ. ಆದ್ರೆ ವಾರಿಜಕ್ಕನ ಕೈಯಲ್ಲಿದ್ದ ಚಾ ತಣ್ಣಗಾಯ್ತು.

ಮನೆಗೆ ಬಂದು ಲತೇಶಣ್ಣನ ಹತ್ರ ಹೇಳಿದ್ರೆ, "ಖುಷಿಯಾಗಿದ್ರೆ ಒಳ್ಳೇದಲ್ವಾ ಮಾರಾಯ್ತಿ, ಅದಕ್ಕೆ ನೀನು ಯಾಕೆ ಮೋರೆ ಹಾಕಿದ್ದು?" ಅಂತ ಟಿ.ವಿ. ಸೌಂಡ್ ಜಾಸ್ತಿ ಮಾಡಿದ್ರು.

ಖುಷಿಯಾಗಿದ್ದಾರಾ? ಅದೊಂದು ಪ್ರಶ್ನೆ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಹಾಕ್ಕೊಂಡಿತು. ಎರಡು ದಿನ ಬಿಟ್ಟು ಮಧ್ಯಾಹ್ನ ಎರಡು ಗಂಟೆ ಮೇಲೆ ವಾರಿಜಕ್ಕ ಮಾರ್ಕೆಟಿಗೆ ಹೋದ್ರು. ಫಾರ್ಮು, ಕಾರ್ಡು ಎಂತದೂ ಇಲ್ಲ, ಬರೀ ಕೈ. ಆ ಹೊತ್ತಿಗೆ ಅವ್ರು ಅಲ್ಲಿಗೆ ಹೋಗದೆ ವರ್ಷಗಳೇ ಆಗಿತ್ತು.

ವ್ಯಾಪಾರ ಮುಗಿದಿತ್ತು. ಬೆಳಿಗ್ಗೆ ನಗಾಡುವ ಮಾರ್ಕೆಟ್ಟೇ ಅಲ್ಲ ಅದು. ಒಬ್ಬಳು ಗೋಡೆಗೆ ತಲೆ ಕೊಟ್ಟು ಬಾಯಿ ತೆರೆದು ಮಲಗಿದ್ದಾಳೆ. ಇನ್ನೊಬ್ಬಳು ಮೊಣಕಾಲಿಗೆ ಐಸ್ ಒತ್ತಿ ಹಿಡ್ಕೊಂಡಿದ್ದಾಳೆ, ಮಾತಿಲ್ಲ ಕತೆಯಿಲ್ಲ. ಜಯಕ್ಕ ಐಸ್ ಬಾಕ್ಸಿನ ಹಿಂದೆ, ಸೊಂಟಕ್ಕೆ ಬೈರಾಸು ಟವೆಲ್ ಬಿಗಿದು ಕಟ್ಟಿ ಮುದ್ದೆಯಾಗಿ ಕೂತಿದ್ರು. ಕಾಲು ಊದಿತ್ತು.

"ಜಯಕ್ಕ, ಎಂತಾಯ್ತು?"

"ಆಗುದೆಂತ. ಹೊಟ್ಟೆಯ ಕೆಳಗೆ ಬೆಂಕಿ. ಮೂತ್ರ ಹೋಗುವಾಗ ರಕ್ತ ಬರ್ತದೆ."

"ಯಾವಾಗಿಂದ?"

"ಕಳೆದ ಮಳೆಗಾಲದಿಂದ."

"ಕಳೆದ ಮಳೆಗಾಲ ಅಂದ್ರೆ, ನಾನು ಫಾರ್ಮ್ ತಂದದ್ದು ಆಮೇಲೆ ಅಲ್ವಾ? ಕಲ್ಲಿನ ಹಾಗಿದ್ದೇನೆ ಅಂದ್ರಲ್ಲ?"

ಜಯಕ್ಕ ಅವರನ್ನು ಹೀಗೆ ನೋಡಿದ್ರು, ಈ ಹುಡುಗಿಗೆ ಓದಿ ಓದಿ ತಲೆ ಕೆಟ್ಟಿತಾ ಅನ್ನುವ ಹಾಗೆ. "ಬೋಣಿಗೆ ಮುಂಚೆ ಕೇಳಿದ್ರೆ ಬೇರೆ ಎಂತ ಹೇಳ್ಬೇಕು? ನಿನ್ಗೆ ಗೊತ್ತಿಲ್ವಾ? ನೀನು ಮುದ್ದಕ್ಕನ ಮಗಳಲ್ವಾ?"

ಮೂಲೆಯಲ್ಲಿ ಕತ್ತಿ ತೊಳೀತಾ ಇದ್ದ ರಮ್ಲಾ ತಲೆ ಎತ್ತದೆ ಹೇಳಿದ್ರು, "ನಾನು ಮಾತ್ರ ಸರಿಯಾಗಿ ಹೇಳಿದ್ದೆ. ನಂದು ಎಂತಾಯ್ತು ವಾರಿಜಾ?"

ಅದನ್ನೇ ಕಮಲೇಶ್ ತೆಗೆದು ಬಿಸಾಡಿದ್ದು.

ವಾರಿಜಕ್ಕ ಅಲ್ಲೇ ಒದ್ದೆ ನೆಲದಲ್ಲಿ ಕೂತ್ರು. ಅವ್ರು ಕೂತದ್ದು ನೋಡಿ ಹೆಂಗಸರು ಒಬ್ಬೊಬ್ಬರೇ ಬಂದು ಹೇಳ್ಲಿಕ್ಕೆ ಶುರು ಮಾಡಿದ್ರು, ಕೇಳುದೇ ಬೇಡ. ಬಸ್ಸಲ್ಲಿ ಕಂಡಕ್ಟರ್ ವಾಸನೆ ಅಂತ ಹಿಂದಿನ ಮೆಟ್ಲ ಹತ್ರ ನಿಲ್ಲಿಸುದು. ಮಗನ ಶಾಲೆ ಮೀಟಿಂಗಿಗೆ ಹೋದ್ರೆ ಪಕ್ಕದ ಕುರ್ಚಿಯವ್ರು ಎದ್ದು ಹೋಗುದು. ರಾತ್ರಿ ಮಲಗಿದ್ರೆ ಎದೆ ಡವ ಡವ, ಬೆಳಿಗ್ಗೆ ಏಳುದೇ ಬೇಡ ಅಂತ ಕಾಣುದು. ಹೀಗೆಲ್ಲ ಆಗ್ತದೆ ಅಂತ ಪಕ್ಕದಲ್ಲಿ ಇಪ್ಪತ್ತು ವರ್ಷ ಕೂತವಳಿಗೂ ಗೊತ್ತಿರ್ಲಿಲ್ಲ. ನೀರು ಕುಡಿಯುದಿಲ್ಲ ಅಂತ ಮಾತ್ರ ಎಲ್ಲರೂ ಹೇಳಿದ್ರು. ಎಲ್ಲರೂ.

ಆಮೇಲೆ ವಾರಿಜಕ್ಕನ ಎದುರು ಇದ್ದದ್ದು ಎರಡೇ ದಾರಿ. ಬಾಯಿ ಮುಚ್ಚಿ ಕೂತ್ರೆ ಮುಂದಿನ ವರ್ಷ ಪರ್ಮನೆಂಟ್, ಮೇಡಂ ಆಗ್ಲೇ ಮಾತು ಕೊಟ್ಟಿದ್ರು. ಬಾಯಿ ಬಿಟ್ರೆ ಕಾರ್ಡು ಮಡಚಿದ್ದು ಹೇಳ್ಬೇಕು. ಆದ್ರೆ ಹೇಳಿದ್ರೆ ಪುನಃ ಕೇಳ್ಲಿಕ್ಕೆ ಬಿಡ್ತಾರೇನೋ, ಟಾಯ್ಲೆಟು ಬರ್ತದೇನೋ. ಜಯಕ್ಕನಿಗೆ ಡಾಕ್ಟ್ರು ಬೇಗ ಸಿಕ್ಕಿದ್ರೆ ಅಮ್ಮನ ಹಾಗೆ ಆಗ್ಲಿಕ್ಕಿಲ್ಲ. ಮರುದಿನವೇ ಜಯಕ್ಕನನ್ನು ರಿಕ್ಷಾ ಹತ್ತಿಸಿ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಅಲ್ಲಿ ಟೆಸ್ಟಿಗೆ ಕೊಟ್ಟು, ಅಲ್ಲಿಂದ ಸೀದಾ ಬಿಜೈ.

ಮೇಡಂನ ಟೇಬಲ್ ಮೇಲೆ ಕಾರ್ಡು ಇಟ್ಟು, ಎಡಗಡೆಯಿಂದ ಮಡಚಿ ತೋರಿಸಿದ್ರು. "ಹೀಗೆ ಹಿಡ್ಕೊಂಡು ಕೇಳಿದ್ದು ಮೇಡಂ. ನಲವತ್ತೈದು ಜನರನ್ನು. ತೆಗೆದ ಆ ಒಂದು ಫಾರ್ಮ್ ಮಾತ್ರ ಸತ್ಯ."

ಪ್ರಣೀತಾ ಮೇಡಂ ಆ ಕಾರ್ಡನ್ನು ಬಿಡಿಸಿ, ಪುನಃ ಮಡಚಿ ನೋಡಿದ್ರು. ಕಮಲೇಶನೇ ಬಾಯಿ ಹಾಕಿದ, "ಎಂತ ಅಕ್ಕ ನೀವು, ಟ್ರೈನಿಂಗಲ್ಲಿ ಎಷ್ಟು ಸಲ ಹೇಳಿದ್ದೇವೆ, ಕಾರ್ಡು ಪೂರ್ತಿ ತೋರಿಸ್ಬೇಕು ಅಂತ."

"ಹೇಳಿದ್ದೀರಿ. ಬೆಳಿಗ್ಗೆ ಹೋಗ್ಬಾರ್ದು ಅಂತ ನಾನು ಹೇಳ್ಬೇಕಿತ್ತು. ನನ್ಗೂ ಹೊಳೀಲಿಲ್ಲ, ನೀವೂ ಕೇಳ್ಲಿಲ್ಲ."

"ಅದು ಹೌದು," ಅಂದ್ರು ಮೇಡಂ, ನೆಲ ನೋಡ್ಕೊಂಡು. "ಚಾರ್ಟ್ ಮಾಡಿದ್ದು ನಾನು. ಅನ್ಯಾಯದ ಬಗ್ಗೆ ಇಷ್ಟು ದೊಡ್ಡ ಫಾರ್ಮ್ ಮಾಡಿದೆ, ನಿಮ್ಮ ಹತ್ರ ಒಂದು ಮಾತು ಕೇಳ್ಲಿಲ್ಲ."

ಮೇಡಂ ಒಳ್ಳೆಯವ್ರೇ. ದುಡ್ಡು ಹಾಕಿದವರಿಗೆ ಪತ್ರ ಬರೆದ್ರು, ಎರಡು ವಾರ ಟೈಮ್ ಕೊಡಿ, ಮಧ್ಯಾಹ್ನ ಹೋಗಿ ಪುನಃ ಕೇಳ್ತೇವೆ ಅಂತ. ಉತ್ತರ ಒಂಬತ್ತು ದಿನ ಬಿಟ್ಟು ಬಂತು. ಲೆಕ್ಕಾಚಾರ ಮುಗಿದಿದೆ, ಆ ಎರಡು ಕಡೆ ಕೆಲಸ ಶುರುವಾಗಿದೆ, ಕೆಟ್ಟುಹೋದ ಮಾಹಿತಿಯ ಜಾಗವನ್ನು ಅಧ್ಯಯನದಿಂದಲೇ ಕೈಬಿಡಿ ಅಂತ. ಹಾಗೆ ಗೋಡೆ ಮೇಲಿನ ಎತ್ತರದ ಕಂಬ ಹೋಯ್ತು. ನಾಲ್ಕು ಇದ್ದದ್ದು ಮೂರಾಯ್ತು. ಆ ಮಾರ್ಕೆಟಿಗೆ ಯಾರೂ ಹೋಗ್ಲೇ ಇಲ್ಲ ಅನ್ನುವ ಹಾಗೆ ಆಯ್ತು. ವಾರಿಜಕ್ಕನ ಕಂಟ್ರಾಕ್ಟ್ ಮಾರ್ಚಿಗೆ ಮುಗೀತು, ಪುನಃ ಮಾಡಿಕೊಡ್ಲಿಲ್ಲ. ಅದಕ್ಕೆ ಅವರಿಗೆ ಅಷ್ಟು ಬೇಜಾರಿಲ್ಲ.

ಬೇಜಾರು ಜಯಕ್ಕನದ್ದು. ಟೆಸ್ಟ್ ರಿಪೋರ್ಟಲ್ಲಿ ಒಂದು ಕಿಡ್ನಿ ಕೆಲಸವೇ ಮಾಡ್ತಾ ಇರ್ಲಿಲ್ಲ, ಇನ್ನೊಂದು ಅರ್ಧ. ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಾರ್ಕೆಟಿಗೆ ಬರ್ಲಿಕ್ಕಾಗುದಿಲ್ಲ. ವಾರಿಜಕ್ಕ ಒಮ್ಮೆ ಆಸ್ಪತ್ರೆಯ ಮಂಚದ ಹತ್ರ ಕೂತು, "ನಾನು ಆ ದಿನ ಕಾರ್ಡು ಮಡಚದಿದ್ರೆ ಎರಡು ತಿಂಗಳು ಮುಂಚೆ ಬರ್ಬಹುದಿತ್ತು ಜಯಕ್ಕ" ಅಂತ ಅತ್ರು.

"ಮುಚ್ಚು ಅಂತ ಹೇಳಿದ್ದು ನಾನಲ್ವಾ?" ಅಂದ್ರು ಜಯಕ್ಕ. "ನೀನು ಬಿಡಿಸಿ ಇಟ್ಟಿದ್ರೆ ಎದ್ದು ಹೋಗು ಅಂತ ಬೈತಿದ್ದೆ. ಅತ್ತದ್ದು ಸಾಕು, ಆ ನರ್ಸ್ ನೋಡ್ತಾ ಇದ್ದಾಳೆ. ನಿನ್ನನ್ನೇ ಪೇಶಂಟ್ ಅಂತ ಮಲಗಿಸ್ತಾಳೆ ಮತ್ತೆ."

ಇಬ್ರೂ ನಕ್ಕದ್ದಂತೆ. ಆದ್ರೆ ಹೊರಗೆ ಬಂದು ವಾರಿಜಕ್ಕ ಬಸ್ಸಿಗೆ ಕಾಯುವಾಗ ಮೂರು ಬಸ್ ಬಿಟ್ಟದ್ದು ಗೊತ್ತೇ ಆಗ್ಲಿಲ್ಲ.

ಈಗ ಅವ್ರು ಬೆಳಿಗ್ಗೆ ಒಂದು ಬಟ್ಟೆ ಅಂಗಡಿಯಲ್ಲಿ. ಒಂದೂವರೆಗೆ ಬಿಟ್ಟು ಸೀದಾ ಮಾರ್ಕೆಟ್. ಯಾರೂ ಹೇಳಿದ ಕೆಲಸ ಅಲ್ಲ, ಸಂಬಳ ಇಲ್ಲ. ಒಂದು ಉದ್ದದ ನೋಟ್‌ಬುಕ್ ಇಟ್ಕೊಂಡು ಒಬ್ಬೊಬ್ಬರದ್ದೂ ಬರೀತಾರೆ. ಯಾರಿಗೆ ಎಂತ ನೋವು, ಯಾವಾಗಿಂದ, ಯಾರು ಎಂತ ಹೇಳಿ ಅವಮಾನ ಮಾಡಿದ್ದು, ದಿನಕ್ಕೆ ಎಷ್ಟು ಗ್ಲಾಸ್ ನೀರು. ಮೊದಲನೇ ಪುಟದಲ್ಲಿ ರಮ್ಲಾ. ಅದನ್ನು ಯಾರಿಗೆ ಕೊಡುದು ಅಂತ ಇನ್ನೂ ಗೊತ್ತಿಲ್ಲ. ಎರಡು ಆಫೀಸಿಗೆ ಹೋಗಿ ಬಂದಾಯ್ತು, ಒಂದು ಕಡೆ "ನೀವು ಯಾವ ಸಂಸ್ಥೆ?" ಅಂತ ಕೇಳಿದ್ರಂತೆ, ಇನ್ನೊಂದು ಕಡೆ ಅದೂ ಕೇಳ್ಲಿಲ್ಲ. ಟಾಯ್ಲೆಟ್ ಬೀಗದ ಕೈ ಈಗಲೂ ಆ ಕಂಟ್ರಾಕ್ಟರನ ಜನದ ಕಿಸೆಯಲ್ಲೇ.

ಒಮ್ಮೆ ಹೋಗಿ ಬನ್ನಿ ಮಾರಾಯ್ರೆ. ಮಧ್ಯಾಹ್ನ ಎರಡರ ಮೇಲೆ ಹೋಗಿ, ಭಾನುವಾರ ಬೇಡ. ಮುದ್ದಕ್ಕನ ಮಗಳು ಎಲ್ಲಿ ಅಂತ ಕೇಳಿದ್ರೆ ರಮ್ಲಾ ಕತ್ತಿಯಲ್ಲೇ ತೋರಿಸ್ತಾರೆ, ಹೆದರ್ಬೇಡಿ. ನೆಲ ಒದ್ದೆ ಉಂಟು, ಆದ್ರೂ ಕೂತ್ಕೊಳ್ಳಿ, ನಿಂತು ಮಾತಾಡಿದ್ರೆ ಅವ್ರು ಜಾಸ್ತಿ ಹೇಳುದಿಲ್ಲ. ನೀವು ಡಾಕ್ಟ್ರಾಗಿದ್ರೆ, ಯಾವುದಾದ್ರೂ ಆಫೀಸಲ್ಲಿ ಸಹಿ ಹಾಕುವವರಾಗಿದ್ರೆ, ಈ ವಾರವೇ ಹೋಗಿ. ಎಂತದೂ ಅಲ್ಲದಿದ್ರೂ ಹೋಗಿ, ಆ ನೋಟ್‌ಬುಕ್ ಒಮ್ಮೆ ಕೇಳಿ ಓದಿ. ಇಷ್ಟರ ತನಕ ಅದನ್ನು ಕೇಳಿ ಓದಿದವ್ರು ಯಾರೂ ಇಲ್ಲ.